ರೌಟರಿಗೂ ಒಂದು ಆಯುಧಪೂಜೆ

ನಾನು ಬಹಳ ಜಾಗ್ರತೆಯ ಮನುಷ್ಯ. ಇದು ನನ್ನ ಅಭಿಪ್ರಾಯ. ನನ್ನ ಹೆಂಡತಿ ಮಂಜುಳಳ ಅಭಿಪ್ರಾಯ ಬೇರೆ ಇದೆ. ಅದನ್ನು ಅವಳು ಕೇಳಿದವರಿಗೂ ಹೇಳುತ್ತಾಳೆ, ಕೇಳದವರಿಗೂ ಹೇಳುತ್ತಾಳೆ. ಹಾಗಾಗಿ ನಾನು ಪ್ರತ್ಯೇಕವಾಗಿ ಪ್ರಚಾರ ಮಾಡುವ ಅಗತ್ಯವಿಲ್ಲ.

ಆಗ ನಾನು ಚಿಕ್ಕಬಳ್ಳಾಪುರದ ಹೊರಗೆ, ಕಳವಾರದ ಕಡೆ ಹೋಗುವ ರಸ್ತೆಯಲ್ಲಿದ್ದ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ನೆಟ್‌ವರ್ಕ್ ಉಸ್ತುವಾರಿಯಾಗಿದ್ದೆ. ಊರಿನವರ ಪಾಲಿಗೆ ಇಂಟರ್‌ನೆಟ್ ಎಂದರೆ ಬಸ್ ಸ್ಟ್ಯಾಂಡಿನ ಎದುರು ಪ್ಲೈವುಡ್ ಗೂಡುಗಳಿದ್ದ ಸೈಬರ್ ಸೆಂಟರ್ ಎಂದಿದ್ದ ಕಾಲ. ಅಂಥ ಕಾಲದಲ್ಲಿ ನಾನು ಕಾಲೇಜಿನ ಆಫೀಸು, ಗ್ರಂಥಾಲಯ, ಪ್ರಿನ್ಸಿಪಾಲರ ಕೊಠಡಿ ಎಲ್ಲಕ್ಕೂ ತಂತಿ ಎಳೆಸಿ ಒಂದಕ್ಕೊಂದು ಜೋಡಿಸಿದ್ದೆ. ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳಲ್ಲಿ ಒಂದೊಂದು ಪಿಯು ಕಾಲೇಜಿತ್ತು. ಅವನ್ನೂ ಟೆಲಿಫೋನ್ ಲೈನಿನ ಮೂಲಕ ನಮ್ಮ ಕಾಲೇಜಿಗೆ ಗಂಟು ಹಾಕಿದ್ದೆ. ಈ ಸಮಸ್ತ ಸಾಮ್ರಾಜ್ಯಕ್ಕೂ ದಾರಿ ತೋರಿಸುತ್ತಿದ್ದದ್ದು ನನ್ನ ಕೊಠಡಿಯ ಕಬ್ಬಿಣದ ಬೀರುವಿನೊಳಗಿದ್ದ ಒಂದು ರೌಟರು. ಯಾವ ಸುದ್ದಿ ಯಾವ ಊರಿಗೆ, ಯಾವ ಕೊಠಡಿಗೆ ಹೋಗಬೇಕು ಎಂದು ಅದಕ್ಕೆ ಒಂದೊಂದಾಗಿ ಹೇಳಿಕೊಟ್ಟವನು ನಾನು. ಅದಕ್ಕೆ ‘ನಂದಿ’ ಎಂದು ಹೆಸರಿಟ್ಟವನೂ ನಾನೇ. ಅದರ ಕೆಳಗಿದ್ದ ಸ್ವಿಚ್ಚುಗಳಿಗೆ ಸ್ಕಂದಗಿರಿ, ಚನ್ನಗಿರಿ ಎಂದು ಅಕ್ಕಪಕ್ಕದ ಬೆಟ್ಟಗಳನ್ನೆಲ್ಲ ಹಂಚಿದ್ದೆ.

ಇಷ್ಟೆಲ್ಲ ಇದ್ದರೂ ನನ್ನ ಬಾಳಿನಲ್ಲಿ ಒಂದು ಕೊರತೆಯಿತ್ತು. ಕೆಲಸ ಖಾಯಂ ಆಗಿರಲಿಲ್ಲ. ಸೇರಿದಂದಿನಿಂದ ‘ತಾತ್ಕಾಲಿಕ’ ಎಂಬ ಬಾಲ ನನ್ನ ಹುದ್ದೆಯ ಹಿಂದೆ ಅಂಟಿಕೊಂಡೇ ಇತ್ತು. ಖಾಯಂ ಆದರೆ ಕಾಲೇಜಿನ ಕ್ವಾರ್ಟರ್ಸಿನಲ್ಲಿ ಮನೆ ಸಿಗುತ್ತಿತ್ತು. ಮಂಜುಳ ಆ ಮನೆಯ ಅಡುಗೆಕೋಣೆಯ ಕಿಟಕಿಯನ್ನು ಹೊರಗಿನಿಂದಲೇ ಕಣ್ಣಳತೆ ಮಾಡಿ ಪರದೆ ಬಟ್ಟೆ ತಂದಿಟ್ಟಿದ್ದಳು. ನನ್ನ ಮಾವ ಮುನಿಶಾಮಪ್ಪನವರು ಜಂಗಮಕೋಟೆಯಲ್ಲಿ ರೇಷ್ಮೆಹುಳು ಸಾಕುವವರು. ಅವರು ಫೋನ್ ಮಾಡಿದಾಗಲೆಲ್ಲ ಮೊದಲು ಮಳೆಯ ವಿಚಾರ, ಆಮೇಲೆ ಗೂಡಿನ ರೇಟು, ಕೊನೆಗೆ ನನ್ನ ವಿಚಾರ.

"ಖಾಯಂ ಆಯ್ತಾ ಅಳಿಯಂದ್ರೇ?"

"ಆಗತ್ತೆ ಮಾವ."

"ಆಗ್ಲಿ ಬಿಡಿ, ನಿಧಾನಕ್ಕೇ ಆಗ್ಲಿ."

ಆ ‘ನಿಧಾನಕ್ಕೇ’ ಎಂಬ ಮಾತು ನನಗೆ ನಾಟುತ್ತಿತ್ತು. ಮಗಳನ್ನು ಕೊಟ್ಟ ಮೇಲೆ ತಂದೆಗೆ ಇರುವ ಆತುರವನ್ನು ಅವರು ಎಷ್ಟು ಮರ್ಯಾದೆಯಿಂದ ಅದುಮಿಟ್ಟುಕೊಂಡಿದ್ದಾರೆ ಎನ್ನುವುದು ಅದರಲ್ಲಿ ಗೊತ್ತಾಗುತ್ತಿತ್ತು.

ಇನ್ನು ನನ್ನ ಜಾಗ್ರತೆಯ ವಿಚಾರ. ರೌಟರಿಗೆ ಎರಡು ನೆನಪು ಇರುತ್ತವೆ. ಒಂದು, ಕೆಲಸ ಮಾಡುವಾಗಿನ ನೆನಪು. ನಾವು ಹೇಳಿದ್ದನ್ನು ಕೂಡಲೇ ಕೇಳಿ ಹಾಗೇ ನಡೆಯುತ್ತದೆ, ಆದರೆ ಕರೆಂಟು ಹೋದರೆ ಮರೆತುಬಿಡುತ್ತದೆ. ಇನ್ನೊಂದು, ಶಾಶ್ವತ ನೆನಪು. ಕರೆಂಟು ಹೋಗಿ ಬಂದಾಗ ರೌಟರು ಎದ್ದು ಕೂತು ಅದನ್ನು ಓದಿಕೊಂಡು ಕೆಲಸ ಶುರು ಮಾಡುತ್ತದೆ. ಮೊದಲನೆಯದರಲ್ಲಿ ಇರುವುದನ್ನು ಎರಡನೆಯದಕ್ಕೆ ಸೇರಿಸಬೇಕಾದರೆ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಬೇಕು. ಸೇವ್ ಮಾಡುವುದು ಎಂದರೆ ಇಷ್ಟೇ.

ನಾನು ಆ ಸಾಲನ್ನು ಟೈಪ್ ಮಾಡುತ್ತಿರಲಿಲ್ಲ. ಸೋಮಾರಿತನದಿಂದಲ್ಲ, ತತ್ತ್ವದಿಂದ! ಹೊಸದಾಗಿ ಏನನ್ನಾದರೂ ಬದಲಾಯಿಸಿದಾಗ ಅದು ಸರಿಯೋ ತಪ್ಪೋ ಯಾರಿಗೆ ಗೊತ್ತು? ಸೇವ್ ಮಾಡಿಬಿಟ್ಟರೆ ತಪ್ಪೂ ಶಾಶ್ವತವಾಗುತ್ತದೆ. ಮಾಡದೆ ಬಿಟ್ಟರೆ, ಎಡವಟ್ಟಾದಾಗ ಸುಮ್ಮನೆ ಆರಿಸಿ ಮತ್ತೆ ಹಾಕಿದರೆ ಸಾಕು, ಹಳೆಯದು ವಾಪಸ್ ಬರುತ್ತದೆ. ಆದ್ದರಿಂದ ಸ್ವಲ್ಪ ದಿನ ನಡೆಸಿ ನೋಡಿ ಆಮೇಲೆ ಸೇವ್ ಮಾಡುವುದು ಒಳ್ಳೆಯ ಪದ್ಧತಿ. ನಾನು ನಡೆಸಿ ನೋಡುತ್ತಲೇ ಇದ್ದೆ. ಗ್ರಂಥಾಲಯವನ್ನು ಜೋಡಿಸಿದಾಗ ನೋಡೋಣ ಎಂದೆ. ಚಿಂತಾಮಣಿಯನ್ನು ಜೋಡಿಸಿದಾಗ ಇನ್ನೂ ಸ್ವಲ್ಪ ನೋಡೋಣ ಎಂದೆ. ಗೌರಿಬಿದನೂರು ಬಂದಾಗ ಎಲ್ಲವನ್ನೂ ಸೇರಿಸಿ ಒಟ್ಟಿಗೇ ನೋಡೋಣ ಎಂದೆ. ರೌಟರಿನ ಶಾಶ್ವತ ನೆನಪಿನಲ್ಲಿ ಇದ್ದದ್ದು, ಅದನ್ನು ಮಾರಿದ ಅಂಗಡಿಯವರು ಮೊದಲ ದಿನ ಬಂದು ಒಂದೇ ಒಂದು ಪ್ರಯೋಗಾಲಯಕ್ಕೆ ಜೋಡಿಸಿ ಸೇವ್ ಮಾಡಿ ಹೋದದ್ದು ಮಾತ್ರ.

ಮಂಜುಳ ಹೇಳುವ ಪ್ರಕಾರ ಇದು ತತ್ತ್ವವಲ್ಲ, ಕಾಯಿಲೆ. ನಮ್ಮ ಸೋಫಾದ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿರಲಿಲ್ಲ. ಟಿವಿ ಬಂದ ರಟ್ಟಿನ ಪೆಟ್ಟಿಗೆ ಅಟ್ಟದ ಮೇಲೆ ಥರ್ಮಾಕೋಲ್ ಸಮೇತ ಇತ್ತು. ಮದುವೆಯ ಫೋಟೋಗಳು ಆಲ್ಬಮ್ಮಿನ ಜೊತೆಯಲ್ಲಿದ್ದವು, ಆಲ್ಬಮ್ಮಿನ ಒಳಗಿರಲಿಲ್ಲ.

"ಒಂದು ಸಲ ಅಂಟಿಸಿದ್ರೆ ಬದಲಾಯ್ಸೋಕೆ ಆಗಲ್ಲ ಮಂಜುಳ."

"ಅದ್ರಲ್ಲಿ ಯಾರನ್ನ ಬದಲಾಯ್ಸಣ ಅಂತಿದೀರ?"

ಇದಕ್ಕೆ ಉತ್ತರ ಹೇಳುವಷ್ಟು ದಡ್ಡ ನಾನಲ್ಲ.

ನೀವು ಕೇಳಬಹುದು: ದಿನಾ ಹೊತ್ತುಗೊತ್ತಿಲ್ಲದೆ ಕರೆಂಟು ಹೋಗುವ ನಮ್ಮ ಕಡೆ ಆ ರೌಟರು ಅಷ್ಟು ದಿನ ಹೇಗೆ ನೆನಪಿಟ್ಟುಕೊಂಡಿತ್ತು? ಅದಕ್ಕೆ ಕಾರಣ ಸಾದಿಕ್. ಅಲೀಪುರದಿಂದ ಓಡಾಡುತ್ತಿದ್ದ ನಮ್ಮ ಕಾಲೇಜಿನ ಎಲೆಕ್ಟ್ರಿಷಿಯನ್. ಕರೆಂಟು ಹೋದಾಗ ರೌಟರನ್ನು ನಡೆಸುತ್ತಿದ್ದ ಯುಪಿಎಸ್ಸಿನ ಬ್ಯಾಟರಿಗಳೆಂದರೆ ಅವನಿಗೆ ಹೆತ್ತ ಮಕ್ಕಳಿದ್ದಂತೆ. ಸ್ವಂತ ಖುಷಿಯಿಂದ ಅವಕ್ಕೆ ನೀರು ಹಾಕುತ್ತಿದ್ದ, ಒರೆಸುತ್ತಿದ್ದ, ಬೇಸಿಗೆಯಲ್ಲಿ ಫ್ಯಾನು ತಿರುಗಿಸಿ ಇಡುತ್ತಿದ್ದ.

"ನಾಗರಾಜ್ ಸಾರ್, ಊರಿಗೆ ಊರೇ ಕತ್ತಲಾಗ್ಲಿ, ನಿಮ್ ಡಬ್ಬ ಮಾತ್ರ ಕಣ್ ಮುಚ್ಚಲ್ಲ. ಇದು ನನ್ ಜವಾಬ್ದಾರಿ" ಎನ್ನುತ್ತಿದ್ದ.

ನಿಜಕ್ಕೂ ಅದು ಕಣ್ಣು ಮುಚ್ಚಲಿಲ್ಲ. ಒಬ್ಬ ಸೇವ್ ಮಾಡದವನಿಗೂ ಒಬ್ಬ ಕರೆಂಟು ಹೋಗಲು ಬಿಡದವನಿಗೂ ಹೀಗೆ ಗಂಟುಬಿದ್ದು, ವಿನಾಶ ಮುಂದಕ್ಕೆ ಹೋಗುತ್ತಾ ಹೋಗುತ್ತಾ ಬಲಿಯುತ್ತಿತ್ತು.

ಅಷ್ಟರಲ್ಲಿ ದಸರಾ ಬಂತು. ನಮ್ಮ ಅಧ್ಯಕ್ಷರು ಚಿಂತಾಮಣಿ ಕಡೆಯವರು. ಸಮಾಧಾನದಲ್ಲಿದ್ದಾಗ ಕನ್ನಡ, ಸಮಾಧಾನ ಕೆಟ್ಟಾಗ ತೆಲುಗು. ಅವರು ಪ್ರಿನ್ಸಿಪಾಲರ ಮುಂದೆ ನನ್ನನ್ನು ಕರೆಸಿ ಕೇಳಿದರು.

"ಏನಪ್ಪಾ ನಾಗರಾಜ, ನಾಲ್ಕೂ ಊರಿನ ಆಯುಧಪೂಜೆ ಒಂದೇ ಪರದೆ ಮೇಲೆ ತೋರ್ಸಕ್ಕಾಗತ್ತಾ? ನಾನಿಲ್ಲಿ ಕೂತ್ಕೊಂಡು ಚಿಂತಾಮಣೀಗೂ ಗೌರಿಬಿದನೂರಿಗೂ ಶುಭಾಶಯ ಹೇಳಬೇಕು. ಊರಿನ ಹತ್ತು ಜನ ದೊಡ್ಡೋರನ್ನ ಕರೆದಿದೀನಿ."

"ಖಂಡಿತ ಆಗತ್ತೆ ಸಾರ್."

"ಅದು ಸರಿಯಾಗಾದ್ರೆ ಅದೇ ಸಭೇಲಿ ನಿನ್ನ ಖಾಯಂ ಮಾಡಿರೋ ವಿಚಾರಾನೂ ಹೇಳ್ಬಿಡ್ತೀನಿ. ಎಲ್ರೂ ಚಪ್ಪಾಳೆ ಹೊಡೀಲಿ."

ನಾನು ಮನೆಗೆ ಬಂದು ಹೇಳಿದೆ. ಮಂಜುಳ ಕಿಟಕಿಯ ಪರದೆಯ ಅಂಚು ಹೊಲಿಯಲು ಕೂತಳು. ಜಂಗಮಕೋಟೆಗೆ ಫೋನ್ ಹೋಯಿತು. ಪಕ್ಕದ ಮನೆಯವರಿಗೆ ಫೋನಿನ ಅಗತ್ಯವೇ ಬೀಳಲಿಲ್ಲ, ಗೋಡೆಯೇ ಸಾಕಾಯಿತು.

ಪೂಜೆಯ ದಿನ ಬೆಳಿಗ್ಗೆ ಬೇಗ ಹೋಗಿ ಪರೀಕ್ಷೆ ಮಾಡಿದೆ. ಶಿಡ್ಲಘಟ್ಟದ ಪ್ರಿನ್ಸಿಪಾಲರು ಕಾಣಿಸಿದರು. ಚಿಂತಾಮಣಿಯವರು ಕಾಣಿಸಿದರು. ಗೌರಿಬಿದನೂರಿನವರು ಕೈ ಎತ್ತಿದ್ದು ಸ್ವಲ್ಪ ಹೊತ್ತಾದ ಮೇಲೆ ಕಾಣಿಸಿತು, ಆದರೂ ಕಾಣಿಸಿತು. ಆ ಕಾಲದ ಲೈನಿಗೆ ಅದೇ ದೊಡ್ಡದು. ಸಭಾಂಗಣದಲ್ಲಿ ಬಿಳಿ ಪರದೆ ಕಟ್ಟಿಸಿ, ಅಧ್ಯಕ್ಷರ ಕುರ್ಚಿಯ ಎದುರು ಪುಟ್ಟ ಕ್ಯಾಮೆರಾ ಇಟ್ಟು, ಪಕ್ಕದ ನನ್ನ ಕೊಠಡಿಗೆ ಬಂದು ನಂದಿಯ ಹಸಿರು ದೀಪಗಳನ್ನು ನೋಡುತ್ತಾ ನಿಂತೆ. ಹೆಮ್ಮೆಯಿಂದ ಎದೆ ಉಬ್ಬಿತು. ಆ ಕ್ಷಣದಲ್ಲೂ ಸೇವ್ ಮಾಡಬಹುದಿತ್ತು. ಇವತ್ತಿನ ಕಾರ್ಯಕ್ರಮವನ್ನೇ ಕೊನೆಯ ಪರೀಕ್ಷೆ ಎಂದುಕೊಂಡು ಆಮೇಲೆ ಮಾಡೋಣ ಎಂದು ತೀರ್ಮಾನಿಸಿದೆ.

ಮಾವನವರು ತಮ್ಮ ತೋಟದ ಸೇವಂತಿಗೆಯ ಒಂದು ಮಂಕರಿ ಹೊತ್ತುಕೊಂಡು ಮೊದಲ ಬಸ್ಸಿಗೇ ಬಂದಿದ್ದರು. ಬಿಳಿ ಪಂಚೆ, ಹೊಸ ಟವಲ್ಲು. ಮಂಜುಳ ಮದುವೆಯ ಸೀರೆ ಉಟ್ಟಿದ್ದಳು. ಶಾಸ್ತ್ರಿಗಳು ಬಂದಾಗ ಹೊತ್ತಾಗಿತ್ತು. ಅವರು ಅಂದು ಲಾರಿ ಸ್ಟ್ಯಾಂಡಿನಿಂದ ಹಿಡಿದು ಹಿಟ್ಟಿನ ಗಿರಣಿಯವರೆಗೆ ಊರಿನ ಸಮಸ್ತ ಯಂತ್ರಗಳಿಗೂ ಪೂಜೆ ಮುಗಿಸಿಕೊಂಡು ಬರಬೇಕಾಗಿತ್ತು. ಕಾಲೇಜು ಬಸ್ಸಿನ ಚಕ್ರದಡಿ ನಿಂಬೆಹಣ್ಣು ಹಿಂಡಿಸಿದರು. ವರ್ಕ್‌ಶಾಪಿನ ಲೇತಿಗೆ ಆರತಿ ಎತ್ತಿದರು. ಸಭಾಂಗಣದಲ್ಲಿ ಒಂದು ಕಂಪ್ಯೂಟರಿಗೆ ಕುಂಕುಮ ಇಟ್ಟು, "ಎಲ್ಲದಕ್ಕೂ ಇದೇ ಸಲ್ಲತ್ತೆ" ಎಂದು ತಟ್ಟೆ ಕೆಳಗಿಟ್ಟರು.

ಅಲ್ಲಿಗೆ ಎಲ್ಲವೂ ಸುಖವಾಗಿ ಮುಗಿಯಬೇಕಿತ್ತು. ಆದರೆ ಮಾವನವರು ಎದುರಿಗಿದ್ದರು. ಪ್ರಿನ್ಸಿಪಾಲರಿದ್ದರು. ಲೇತಿಗೆ ಆರತಿ, ನನ್ನ ನಂದಿಗೆ ಏನೂ ಇಲ್ಲವೇ?

"ಶಾಸ್ತ್ರಿಗಳೇ, ಈ ಕಾಲೇಜಿನ ಮುಖ್ಯವಾದ ಆಯುಧ ಒಳಗಿದೆ. ಅದಕ್ಕೆ ಪೂಜೆ ಆಗ್ದೆ ಇದ್ರೆ ಹೆಂಗೆ?" ಎಂದೆ.

ಈ ಮಾತನ್ನು ಹೇಳಿದ ಬಾಯಿ ನನ್ನದೇ. ಬೇರೆ ಯಾರ ಮೇಲೂ ಹಾಕುವಂತಿಲ್ಲ.

ಶಾಸ್ತ್ರಿಗಳು ಕೈಗಡಿಯಾರ ನೋಡಿಕೊಂಡು ಒಳಗೆ ಬಂದರು. ಬೀರುವಿನ ಬಾಗಿಲು ತೆಗೆದೆ. ಸಣ್ಣಸಣ್ಣ ದೀಪಗಳು ಮಿಣಿಮಿಣಿ ಎನ್ನುತ್ತಿದ್ದವು. ಶಾಸ್ತ್ರಿಗಳು ಬಗ್ಗಿ ನೋಡಿದರು.

"ಇದು ಓಡ್ತಾ ಇದೆಯಲ್ಲಪ್ಪ."

"ಇದು ಯಾವತ್ತೂ ಓಡ್ತಾನೇ ಇರತ್ತೆ ಶಾಸ್ತ್ರಿಗಳೇ. ತಂದಾಗಿಂದ ನಿಂತೇ ಇಲ್ಲ."

"ಹಂಗಂದ್ರೆ ಹೆಂಗೆ? ಓಡೋ ಬಸ್ಸಿಗೆ ಪೂಜೆ ಮಾಡ್ತಾರೇನು? ಕೈಯಲ್ಲಿರೋ ಆಯುಧಾನ ಕೆಳಗೆ ಇಡಬೇಕು, ಇವತ್ತೊಂದಿನ ಅದಕ್ಕೆ ವಿಶ್ರಾಂತಿ ಕೊಡಬೇಕು. ಆಮೇಲೆ ಪೂಜೆ. ಆರ್ಸಿ ಇದನ್ನ."

ನಾನು ನಕ್ಕೆ. ಆರಿಸಿ ಹಾಕುವುದು ಎಂದರೆ ನನ್ನ ಪಾಲಿಗೆ ಭಯದ ವಿಷಯವೇ ಅಲ್ಲ. ಎಲ್ಲ ರೋಗಕ್ಕೂ ನಾನು ಇಟ್ಟುಕೊಂಡಿದ್ದ ಮದ್ದೇ ಅದು! ಇಷ್ಟು ದಿನ ಅದನ್ನು ಉಪಯೋಗಿಸುವ ಸಂದರ್ಭವೇ ಬಂದಿರಲಿಲ್ಲ, ಅಷ್ಟೇ. "ಸಾದಿಕ್, ಸ್ವಲ್ಪ ಆರ್ಸಪ್ಪ" ಎಂದೆ.

ಸಾದಿಕ್‌ನ ಮುಖ ಸಣ್ಣದಾಯಿತು. "ನನ್ ಕೈಯಾರೆ ಆರ್ಸಬೇಕಾ ಸಾರ್?"

"ಎರಡು ನಿಮಿಷ. ಪೂಜೆ ಆದ ಮೇಲೆ ಹಾಕಿದ್ರಾಯ್ತು."

ಅವನು ಬ್ಯಾಟರಿಗಳ ಕಡೆ ಒಮ್ಮೆ ಕ್ಷಮೆ ಕೇಳುವವನಂತೆ ನೋಡಿ ಸ್ವಿಚ್ಚು ಒತ್ತಿದ. ದೀಪಗಳು ಆರಿದವು. ಕೊಠಡಿಯಲ್ಲಿ ಇಷ್ಟು ದಿನ ಇದ್ದ ಗುಂಯ್ ಎಂಬ ಸದ್ದು ನಿಂತಿತು. ಶಾಸ್ತ್ರಿಗಳು ನಂದಿಯ ಹಣೆಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆಯ ಮಾಲೆ ಹಾಕಿ, ಕರ್ಪೂರ ಹಚ್ಚಿದರು. ಮಾವನವರು ಟವಲ್ಲನ್ನು ಸೊಂಟಕ್ಕೆ ಸುತ್ತಿಕೊಂಡು ಕೈಮುಗಿದರು. ಮಂಜುಳ ಕಣ್ಣು ಮುಚ್ಚಿ ಏನನ್ನೋ ಬೇಡಿಕೊಂಡಳು, ಕ್ವಾರ್ಟರ್ಸಿನದೇ ಇರಬೇಕು. ನಾನು ರೌಟರಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆ. ಆ ಫೋಟೋದಲ್ಲಿ ನಾನು ನಗುತ್ತಿದ್ದೇನೆ.

"ಸಾದಿಕ್, ಹಾಕಪ್ಪ."

ಹಾಕಿದ. ದೀಪಗಳು ಒಂದೊಂದಾಗಿ ಹತ್ತಿದವು. ನಾನು ಕಂಪ್ಯೂಟರಿನ ಮುಂದೆ ಕೂತೆ. ಪರದೆಯ ಮೇಲೆ ನಂದಿ ಎಂದು ಬರಬೇಕಾದ ಜಾಗದಲ್ಲಿ ಬರೀ ‘ರೌಟರ್’ ಎಂದು ಬಂದಿತ್ತು. ತನ್ನ ಹೆಸರೇ ಅದಕ್ಕೆ ನೆನಪಿರಲಿಲ್ಲ.

ನನ್ನ ಗುಪ್ತಪದ ಹಾಕಿದೆ, ನೀನು ಯಾರು ಎಂದಿತು. ಮತ್ತೆ ಹಾಕಿದೆ, ಮತ್ತೆ ಕೇಳಿತು. ಅದು ಈಗ ಅಂಗಡಿಯವನ ಕಾಲದಲ್ಲಿತ್ತು. ಅವನಿಟ್ಟ ಗುಪ್ತಪದವೇ ಬೇಕು. ಅಂಗಡಿಯವನಿಗೆ ಫೋನ್ ಮಾಡಿದೆ. ಅವನು ತನ್ನ ವ್ಯಾನಿಗೆ ಪೂಜೆ ಮಾಡಿಸುತ್ತಿದ್ದ, ಹಿಂದಿನಿಂದ ಗಂಟೆಯ ಸದ್ದು ಕೇಳುತ್ತಿತ್ತು.

"ಎಲ್ಲಾ ಊರಲ್ಲೂ ಒಂದೇ ಇಡ್ತೀವಿ ಸಾರ್. ಒಂದು, ಎರಡು, ಮೂರು, ನಾಲ್ಕು."

ಒಳಗೆ ಹೋದೆ. ಒಳಗೆ ನೋಡಿದರೆ ನಾನು ಕಟ್ಟಿದ ಸಾಮ್ರಾಜ್ಯದ ಗುರುತೇ ಇಲ್ಲ. ಆ ರೌಟರಿನ ಪ್ರಕಾರ ನಮ್ಮ ಕಾಲೇಜಿಗೆ ಇದ್ದದ್ದು ಒಂದೇ ಪ್ರಯೋಗಾಲಯ. ಗ್ರಂಥಾಲಯವನ್ನು ಇನ್ನೂ ಕಟ್ಟಿರಲಿಲ್ಲ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಎಂಬ ಊರುಗಳು ಭೂಮಿಯ ಮೇಲೆ ಇರಲಿಲ್ಲ. ಪ್ರಿನ್ಸಿಪಾಲರು ಹುಟ್ಟಿರಲಿಲ್ಲ.

ಹುಟ್ಟದ ಪ್ರಿನ್ಸಿಪಾಲರು ಬಾಗಿಲಲ್ಲಿ ಕಾಣಿಸಿಕೊಂಡರು. "ನಾಗರಾಜ್, ಅಧ್ಯಕ್ಷರು ಬಂದು ಕೂತಿದಾರೆ. ಶುರು ಮಾಡೋಣ್ವಾ?"

"ಐದು ನಿಮಿಷ ಸಾರ್. ಪೂಜೆ ಆಗಿದೆಯಲ್ಲ, ಬಿಸಿ ಆಗ್ಬೇಕು."

ನಾನು ಏನು ಹೇಳುತ್ತಿದ್ದೇನೆ ಎನ್ನುವುದು ನನಗೂ ಗೊತ್ತಿರಲಿಲ್ಲ. ಎಲ್ಲವನ್ನೂ ಜ್ಞಾಪಕದಿಂದ ಟೈಪ್ ಮಾಡತೊಡಗಿದೆ. ಬೆರಳಿಗೆ ಮೆತ್ತಿದ್ದ ಕುಂಕುಮ ಕೀಬೋರ್ಡಿಗೆಲ್ಲ ಹತ್ತಿತು. ಮಾಲೆಯ ಸೇವಂತಿಗೆ ಎಸಳುಗಳು ರೌಟರಿನ ಫ್ಯಾನಿನ ಗಾಳಿಗೆ ಹಾರಿ ನನ್ನ ತಲೆಯ ಮೇಲೆ ಬೀಳುತ್ತಿದ್ದವು, ಯಾರೋ ಸನ್ಮಾನ ಮಾಡುತ್ತಿರುವ ಹಾಗೆ. ಅಷ್ಟರಲ್ಲಿ ಫೋನ್ ಬಂತು. ಚಿಂತಾಮಣಿಯ ಪ್ರಿನ್ಸಿಪಾಲರು.

"ನಾಗರಾಜ್, ನಾವು ಸ್ಟಾಫೆಲ್ಲ ಕ್ಯಾಮೆರಾ ಮುಂದೆ ನಗ್ತಾ ಕೂತಿದೀವಿ. ಇನ್ನೂ ಎಷ್ಟೊತ್ತು ನಗಬೇಕು?"

"ಹಂಗೇ ನಗ್ತಿರಿ ಸಾರ್, ಬಂದ್ಬಿಡ್ತೀನಿ."

"ದವಡೆ ನೋಯ್ತಿದೆ ಕಣ್ರೀ."

ಗೌರಿಬಿದನೂರಿನಿಂದಲೂ ಫೋನ್ ಬಂತು. ಕ್ಯಾಮೆರಾದ ಮುಂದೆ ಅಲಂಕಾರಕ್ಕೆ ಇಟ್ಟಿದ್ದ ಕಡ್ಲೆಪುರಿಯನ್ನು ಮಕ್ಕಳು ತಿಂದು ಮುಗಿಸಿದ್ದರಂತೆ, ಈಗ ಬತ್ತಾಸಿಗೆ ಕೈ ಹಾಕಿದ್ದಾರಂತೆ, ತಡೆಯುವುದೋ ಬಿಡುವುದೋ ಎಂದು ಕೇಳಿದರು. ಬಿಡಿ ಎಂದೆ. ಈ ಸಂಭಾಷಣೆಯ ಮಧ್ಯೆ ಗೌರಿಬಿದನೂರಿನ ದಾರಿಯನ್ನು ಶಿಡ್ಲಘಟ್ಟಕ್ಕೂ ಶಿಡ್ಲಘಟ್ಟದ ದಾರಿಯನ್ನು ಎಲ್ಲಿಗೋ ಹಾಕಿದೆ. ಚಿಂತಾಮಣಿಯ ದಾರಿ ಎಂದು ನಾನು ಕೊಟ್ಟದ್ದು ನಮ್ಮ ಸಭಾಂಗಣದ್ದೇ ವಿಳಾಸ. ಅದು ನನಗೆ ಆಮೇಲೆ ಗೊತ್ತಾಯಿತು.

"ಬಂತು ಬಂತು" ಎಂದು ಸಭಾಂಗಣದಿಂದ ಗದ್ದಲ ಕೇಳಿಸಿತು. ಓಡಿದೆ. ನಿಜಕ್ಕೂ ಪರದೆಯ ಮೇಲೆ ಚಿತ್ರ ಬಂದಿತ್ತು! ಮಸುಕುಮಸುಕಾಗಿ ಒಬ್ಬ ದೊಡ್ಡ ಮನುಷ್ಯರು, ತಲೆಗೆ ಮೈಸೂರು ಪೇಟ, ಕೊರಳಲ್ಲಿ ಹಾರ, ಹಣೆಯ ತುಂಬ ವಿಭೂತಿ. ನಮ್ಮ ಅಧ್ಯಕ್ಷರಿಗೂ ಆಗಷ್ಟೇ ಪ್ರಿನ್ಸಿಪಾಲರು ಪೇಟ ತೊಡಿಸಿದ್ದರು. ಕರ್ಪೂರದ ಹೊಗೆಗೆ ಕಣ್ಣು ಉರಿದು ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು.

"ನಮಸ್ಕಾರ ಚಿಂತಾಮಣಿ" ಎಂದು ಅಧ್ಯಕ್ಷರು ಕೈಮುಗಿದರು.

ಪರದೆಯ ಮೇಲಿನವರೂ ಒಂದು ಕ್ಷಣ ತಡವಾಗಿ ಕೈಮುಗಿದರು. ಸಭೆ ಚಪ್ಪಾಳೆ ಹೊಡೆಯಿತು. ಅಧ್ಯಕ್ಷರು ಸಂತೋಷದಿಂದ ತಲೆಯಾಡಿಸಿದರು. ಪರದೆಯವರೂ ಸಂತೋಷದಿಂದ ತಲೆಯಾಡಿಸಿದರು.

"ಪೂಜೆ ಎಲ್ಲಾ ಚೆನ್ನಾಗಾಯ್ತೇನಪ್ಪ?"

ಪರದೆಯವರ ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ಅಧ್ಯಕ್ಷರು ಮುಂದಕ್ಕೆ ಬಾಗಿದರು. ಅವರೂ ಮುಂದಕ್ಕೆ ಬಾಗಿದರು. ಅಧ್ಯಕ್ಷರು ಹುಬ್ಬು ಗಂಟಿಕ್ಕಿ ಬೆರಳು ತೋರಿಸಿದರು. ಅವರೂ ಹುಬ್ಬು ಗಂಟಿಕ್ಕಿ ಅಧ್ಯಕ್ಷರಿಗೇ ಬೆರಳು ತೋರಿಸಿದರು. ಚಿಂತಾಮಣಿಯ ಒಬ್ಬ ನೌಕರ ತಮಗೆ ಬೆರಳು ತೋರಿಸುವುದೆಂದರೇನು? ಅಧ್ಯಕ್ಷರು ತೆಲುಗಿಗೆ ಇಳಿದರು.

"ಎವಡಯ್ಯಾ ವೀಡು? ನಾ ಪೇಟಾ ಎಂದುಕು ಪೆಟ್ಟುಕುನ್ನಾಡು?"

ಇವನ್ಯಾರು, ನನ್ನ ಪೇಟ ಯಾಕೆ ಹಾಕಿಕೊಂಡಿದ್ದಾನೆ ಎಂಬ ಈ ಪ್ರಶ್ನೆಗೆ ಉತ್ತರ ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹಿಂದಿನ ಸಾಲಿನಿಂದ ಒಂದು ಮೃದುವಾದ ಧ್ವನಿ ಬಂತು. ತೆಲುಗು ಬಲ್ಲ, ದೊಡ್ಡವರು ಕೇಳಿದ್ದಕ್ಕೆ ಉತ್ತರ ಕೊಡದಿರುವುದು ಮರ್ಯಾದೆಯಲ್ಲ ಎಂದು ತಿಳಿದ ನನ್ನ ಮಾವನವರು ಎದ್ದು ನಿಂತಿದ್ದರು.

"ಅದಿ ಮೀರೇ ಸಾರ್."

ಅದು ನೀವೇ ಸಾರ್. ಅಧ್ಯಕ್ಷರು ಕನ್ನಡಕ ಹಾಕಿಕೊಂಡರು. ಪರದೆಯವರೂ ಹಾಕಿಕೊಂಡರು. ಇಬ್ಬರೂ ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡಿದರು. ಸಭೆಯಲ್ಲಿ ಯಾರೋ ಕೆಮ್ಮಿದರು. ಆ ಕೆಮ್ಮಿನೊಳಗೆ ನಗು ಇತ್ತು. ಆಮೇಲೆ ತಡೆಯಲಾಗದೆ ಇಡೀ ಸಭೆಯೇ ಕೆಮ್ಮಿತು.

ಸಭೆ ಕಡ್ಲೆಪುರಿಯೊಂದಿಗೆ ಮುಕ್ತಾಯವಾಯಿತು. ಚಪ್ಪಾಳೆಗೆಂದು ಇಟ್ಟಿದ್ದ ವಿಷಯವನ್ನು ಅಧ್ಯಕ್ಷರು ಎತ್ತಲೇ ಇಲ್ಲ. ಅತಿಥಿಗಳು ಹೋದ ಮೇಲೆ ನನ್ನನ್ನು ಕರೆಸಿದರು. ಪೇಟ ತೆಗೆದು ಮೇಜಿನ ಮೇಲಿಟ್ಟಿದ್ದರು. ಕೂಗಾಡಲಿಲ್ಲ. ಕನ್ನಡದಲ್ಲೇ ಮಾತಾಡಿದರು. ಅದರಿಂದ ನನಗೆ ಸ್ವಲ್ಪ ಧೈರ್ಯ ಬಂತು. ಆ ಧೈರ್ಯವೇ ನನ್ನನ್ನು ಮುಗಿಸಿತು.

"ಯಾಕಪ್ಪಾ ಹಿಂಗಾಯ್ತು?"

"ಸೇವ್ ಮಾಡಿರ್ಲಿಲ್ಲ ಸಾರ್."

"ಯಾಕ್ ಮಾಡಿರ್ಲಿಲ್ಲ?"

ಇಲ್ಲಿ ನಾನು ತಪ್ಪಾಯಿತು ಎಂದು ತಲೆ ತಗ್ಗಿಸಿದ್ದರೆ ಸಾಕಿತ್ತು. ಬದಲಿಗೆ ವಿವರಿಸಿದೆ. ಬರೀ ವಿವರಣೆಯಲ್ಲ, ಉಪನ್ಯಾಸ. ಹೊಸದನ್ನು ಕೂಡಲೇ ಶಾಶ್ವತ ಮಾಡಬಾರದು ಸಾರ್, ಕೆಲಸ ಮಾಡುತ್ತಿದೆ ಅಂದಮಾತ್ರಕ್ಕೆ ನಂಬಬಾರದು, ಹಾಗೇ ನಡೆಸುತ್ತಾ ಗಮನಿಸುತ್ತಾ ಇರಬೇಕು, ಕೆಟ್ಟರೆ ಆರಿಸಿಬಿಡುವ ಅವಕಾಶ ನಮ್ಮ ಕೈಯಲ್ಲಿರಬೇಕು, ದೊಡ್ಡ ದೊಡ್ಡ ಕಡೆಯೆಲ್ಲ ಇದೇ ಪದ್ಧತಿ ಎಂದೆ. ಅಧ್ಯಕ್ಷರು ಬಹಳ ಶ್ರದ್ಧೆಯಿಂದ ಕೇಳಿದರು. ಮಧ್ಯೆ ಒಮ್ಮೆ "ಹೌದೌದು" ಎಂದರು. ನಾನು ಇನ್ನೂ ಹುರುಪಿನಿಂದ ಮುಂದುವರಿಸಿದೆ.

ಕೊನೆಗೆ ಅವರು ಪ್ರಿನ್ಸಿಪಾಲರ ಕಡೆ ತಿರುಗಿದರು.

"ಒಳ್ಳೇ ಪದ್ಧತಿ ಕಣ್ರೀ ಇದು. ನನಗೆ ಇಷ್ಟು ದಿನ ಹೊಳೆದೇ ಇರ್ಲಿಲ್ಲ. ಈ ನಾಗರಾಜನ್ನೂ ಹಿಂಗೇ ಮಾಡೋಣ. ಹಂಗೇ ನಡೀತಾ ಇರ್ಲಿ, ಗಮನಿಸ್ತಾ ಇರೋಣ. ಸೇವ್ ಮಾಡೋದು ಬೇಡ."

ನನ್ನ ಕೊಠಡಿಗೆ ವಾಪಸ್ ಬಂದೆ. ಮಂಜುಳ ಸ್ಟೂಲಿನ ಮೇಲೆ ಕೂತಿದ್ದಳು. ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ನಾನು ಕೂತು, ಮಧ್ಯಾಹ್ನವಿಡೀ ಒಂದೊಂದೇ ಊರನ್ನು ಮತ್ತೆ ರೌಟರಿಗೆ ಹೇಳಿಕೊಟ್ಟೆ. ಗ್ರಂಥಾಲಯ ಕಟ್ಟಿದೆ. ಪ್ರಿನ್ಸಿಪಾಲರನ್ನು ಹುಟ್ಟಿಸಿದೆ. ಎಲ್ಲವೂ ಸರಿಯಾಗಿ, ಸೇವ್ ಮಾಡುವ ಸಾಲನ್ನೂ ಟೈಪ್ ಮಾಡಿ, ಎಂಟರ್ ಒತ್ತುವ ಮುಂಚೆ ಬೆರಳು ನಿಂತಿತು. ಒಂದು ವೇಳೆ ಎಲ್ಲಾದರೂ ತಪ್ಪಿದ್ದರೆ? ಎರಡು ದಿನ ನೋಡಿಕೊಂಡು...

"ಎಲ್ಲಿ ಒತ್ತಬೇಕ್ರೀ?" ಎಂದಳು ಮಂಜುಳ.

"ಇದು, ಎಂಟರ್. ಆದ್ರೆ ಇನ್ನೂ ಸ್ವಲ್ಪ..."

ಅವಳು ಒತ್ತಿದಳು. ನಂದಿ ಖಾಯಂ ಆಯಿತು! ನನಗಿಂತ ಮೊದಲು ಒಂದು ಪೆಟ್ಟಿಗೆ ಖಾಯಂ ಆದದ್ದನ್ನು ನೋಡಿ ನನಗೆ ಅಳು ಬಂತು ಎಂದರೆ ಅತಿಶಯೋಕ್ತಿಯಲ್ಲ. ಹೊಗೆಯಿಂದ ಕಣ್ಣು ಉರಿಯುತ್ತಿದೆ ಎಂದೆ. ಮಂಜುಳ ನಂಬಿದವಳ ಹಾಗೆ ಸೆರಗಿನಿಂದ ನನ್ನ ಹಣೆಯ ಕುಂಕುಮ ಒರೆಸಿದಳು.

ಹೊರಗೆ ಮಾವನವರು ಖಾಲಿ ಮಂಕರಿ ಇಟ್ಟುಕೊಂಡು ಕಟ್ಟೆಯ ಮೇಲೆ ಕಾಯುತ್ತಿದ್ದರು. ಖಾಯಂ ಆಯಿತಾ ಎಂದು ಕೇಳಲಿಲ್ಲ. ಮಳೆಯ ವಿಚಾರ ಮಾತಾಡಿದರು. ಗೂಡಿನ ರೇಟು ಹೇಳಿದರು. ಆಮೇಲೆ ಮಂಕರಿ ಎತ್ತಿಕೊಂಡು, "ಹುಳು ನಾಲ್ಕನೇ ಜ್ವರದಿಂದ ಎದ್ದವೆ, ಸೊಪ್ಪು ಹಾಕೋಕೆ ಕೈ ಸಾಲ್ತಿಲ್ಲ. ನಿಮಗೂ ರಜ ಐತಲ್ಲ, ಬರ್ತೀರಾ?" ಎಂದರು.

ಹೋದೆವು. ಮರುದಿನ ಬೆಳಿಗ್ಗೆ ನಾನು ಜಂಗಮಕೋಟೆಯ ಹುಳುಮನೆಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಮಂಕರಿ ಹಿಡಿದು ನಿಂತಿದ್ದೆ. ಜ್ವರ ಎಂದರೆ ಹುಳು ಸೊಪ್ಪು ಬಿಟ್ಟು ಮಲಗಿ ಪೊರೆ ಕಳಚುವ ಹೊತ್ತು; ಅದು ಬಿಟ್ಟೆದ್ದ ಹುಳುಗಳಿಗೆ ವಿಪರೀತ ಹಸಿವು. ಹಾಕಿದ ಸೊಪ್ಪನ್ನು ಬಿಡುವಿಲ್ಲದೆ ಮೇಯುತ್ತಿದ್ದವು. ಅವುಗಳಿಗೆ ಯಾವ ಗುಪ್ತಪದವೂ ಬೇಕಾಗಿರಲಿಲ್ಲ. ನಾನು ಯಾರು ಎಂದೂ ಕೇಳಲಿಲ್ಲ. ತಟ್ಟೆಯಿಂದ ತಟ್ಟೆಗೆ ಸೊಪ್ಪು ಹರಡುತ್ತಾ ಹೋದೆ. ಮಾವನವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನ್ನ ಕೈಚಳಕ ಅವರಿಗೆ ಬಹಳ ಹಿಡಿಸಿದಂತಿತ್ತು. ಎಷ್ಟೋ ವರ್ಷದ ಮೇಲೆ ಅವರ ಮುಖದಲ್ಲಿ ನನ್ನ ಬಗ್ಗೆ ನೆಮ್ಮದಿ ಕಂಡಿತು.

"ಚೆನ್ನಾಗಿ ಹಾಕ್ತೀರ ಅಳಿಯಂದ್ರೇ. ನೀವು ಯಾವತ್ತು ಬಂದ್ರೂ ಈ ಕೆಲಸ ನಿಮಗೆ ಖಾಯಂ."